ತೋಟದ ಬದುವಿನ ಶಾಸನಕಲ್ಲು: ಕಂಡ ಮೇಲೆ ಏನು ಮಾಡಬೇಕು, ಏನು ಮಾಡಬಾರದು

“ನಮ್ಮ ತೋಟದ ಬೇಲಿ ಪಕ್ಕ ಅಕ್ಷರ ಇರೋ ಕಲ್ಲಿದೆ, ಏನು ಬರೆದಿದೆ ಸ್ವಲ್ಪ ಓದಿ ಹೇಳಿ” ಎಂಬ ಪ್ರಶ್ನೆ ಸಕಲೇಶಪುರದಿಂದ ಕಡೂರಿನವರೆಗೆ ಎಲ್ಲ ಕಡೆಯಿಂದಲೂ ಬರುತ್ತಲೇ ಇರುತ್ತದೆ. ಜೊತೆಗೊಂದು ಫೋಟೋ ಇರುತ್ತದೆ. ಆ ಫೋಟೋ ಮಟಮಟ ಮಧ್ಯಾಹ್ನ ತೆಗೆದದ್ದು, ಅಕ್ಷರಕ್ಕೆಲ್ಲ ಸೀಮೆಸುಣ್ಣ ತುಂಬಿದ್ದು, ನಾಲ್ಕು ವಾಟ್ಸಾಪ್ ಗುಂಪು ಸುತ್ತಿ ಸವೆದದ್ದು. ಅದನ್ನು ನೋಡಿ ಶಾಸನತಜ್ಞರೂ ಏನೂ ಹೇಳಲಾರರು.

ಹಳಗನ್ನಡ ಬರದವರೂ ಒಂದು ಶಾಸನವನ್ನು ಚೆನ್ನಾಗಿ ದಾಖಲಿಸಬಹುದು. ಓದುವುದು ಬೇರೆ ಕೆಲಸ, ಅದನ್ನು ಆಮೇಲೆ ಯಾರಾದರೂ ಮಾಡುತ್ತಾರೆ. ಮೊದಲು ಓದಲು ಹೊರಟು ಕಲ್ಲನ್ನು ಕೆಡಿಸಿದರೆ ಮುಂದೆ ಯಾರಿಗೂ ದಾರಿ ಉಳಿಯುವುದಿಲ್ಲ. ಕೆಳಗಿನ ಹಂತಗಳೆಲ್ಲ ಈ ಲೆಕ್ಕದಲ್ಲೇ ಇವೆ.

ಬೇಕಾಗುವ ಸಾಮಾನು: 3 ಮೀಟರಿನ ಟೇಪು, ಶಾಲೆಯ 30 ಸೆಂ.ಮೀ. ಸ್ಕೇಲು, ಒಂದು ಸ್ಲೇಟು, ಪ್ರಖರವಾದ ಎಲ್‌ಇಡಿ ಟಾರ್ಚು, ಮೊಬೈಲು ಅಥವಾ ಕ್ಯಾಮೆರಾ, ಅದನ್ನು ಅಲುಗದಂತೆ ನಿಲ್ಲಿಸುವ ಸ್ಟ್ಯಾಂಡು, ಕಪ್ಪು ದುಪ್ಪಟಿ, ಎರಡು ಇಂಚಿನ ಮೆತ್ತನೆ ಕೂದಲಿನ ಬ್ರಷ್ಷು, ಬಿದಿರಿನ ಕಡ್ಡಿ, ನೀರು, ನೋಟುಬುಕ್ಕು, ಪೆನ್ಸಿಲು. ಇಬ್ಬರಿದ್ದರೆ ಒಳ್ಳೆಯದು. ಒಬ್ಬರೇ ಟಾರ್ಚು ಹಿಡಿದು ಫೋಟೋ ತೆಗೆಯುವುದು ಕಷ್ಟ.

ಹೋಗುವ ಕಾಲ ಡಿಸೆಂಬರಿನಿಂದ ಮಾರ್ಚ್. ಮಲೆನಾಡಿನ ಕಡೆ ಮಳೆಗಾಲದಲ್ಲಿ ಕಲ್ಲಿಗೆ ಹಾವಸೆ ಹಿಡಿದಿರುತ್ತದೆ, ಕಾಲಿಗೆ ಇಂಬಳ. ಆದರೆ ಈ ತಿಂಗಳುಗಳೇ ಕಾಫಿ ಕುಯ್ಲಿನವೂ ಹೌದು. ತೋಟದವರಿಗೆ ಪುರುಸೊತ್ತಿರುವ ದಿನ ಕೇಳಿಕೊಂಡೇ ಹೋಗಿ.

1. ಯಾವ ಬಗೆಯ ಕಲ್ಲು ಎಂದು ಗುರುತಿಸಿ

ಅಕ್ಷರ ಇರುವ ಕಲ್ಲೆಲ್ಲ ದಾನಶಾಸನವಲ್ಲ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ: ಕೆಳಗೆ ಕಾದಾಟ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕೂತಿರುವುದು. ಬರಹ ಈ ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಯಲ್ಲಿ ಅಡಗಿರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ದನಗಳಿದ್ದರೆ ಅದು ತುರುಗೊಳ್, ಅಂದರೆ ದನ ಅಪಹರಿಸಿದವರೊಡನೆ ನಡೆದ ಕಾಳಗ. ಬಳೆ ತೊಟ್ಟು ಮೇಲೆತ್ತಿದ ತೋಳು, ಕೈಯಲ್ಲಿ ನಿಂಬೆಹಣ್ಣು ಕಂಡರೆ ಮಾಸ್ತಿಕಲ್ಲು, ಅಂದರೆ ಸತಿ ಹೋದವಳ ನೆನಪಿನ ಕಲ್ಲು. ಜೈನರು ಸಲ್ಲೇಖನದಿಂದ, ಅಂದರೆ ಉಪವಾಸದ ವ್ರತದಿಂದ, ದೇಹ ಬಿಟ್ಟದ್ದರ ನೆನಪಿನ ಕಲ್ಲು ನಿಷಿಧಿ. ದಾನಶಾಸನದ ತಲೆಭಾಗದಲ್ಲಿ ಸೂರ್ಯ, ಚಂದ್ರ, ಲಿಂಗ, ಹಸುಕರು ಇರುವುದು ವಾಡಿಕೆ.

ಇದಲ್ಲದೆ ದೇವಸ್ಥಾನದ ಗೋಡೆಯ ವಿಗ್ರಹಗಳ ಪೀಠದಲ್ಲಿ ಬೆರಳಗಲದ ಬರಹಗಳಿರುತ್ತವೆ. ಅವು ರೂವಾರಿಗಳ, ಅಂದರೆ ಶಿಲ್ಪಿಗಳ ಸಹಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಅಮೃತಾಪುರ ಮತ್ತು ನುಗ್ಗೇಹಳ್ಳಿಯಲ್ಲಿ ಮಲ್ಲಿತಮ್ಮ. ಮಲ್ಲಿತಮ್ಮ ಕೆಲವು ಕಡೆ “ಮಲ್ಲಿ” ಎಂದಷ್ಟೇ, ಕೆಲವು ಕಡೆ ಬರೀ “ಮ” ಎಂದು ಬಿಟ್ಟಿದ್ದಾನೆ. ಒಂಟಿ ಅಕ್ಷರ ಎಂದು ತಾತ್ಸಾರ ಮಾಡಬೇಡಿ.

2. ಅಪ್ಪಣೆ ಪಡೆಯಿರಿ

ಕಲ್ಲು ಖಾಸಗಿ ಜಮೀನಿನಲ್ಲಿದ್ದರೆ ಯಜಮಾನರನ್ನು ಕೇಳಿ. ಪೂಜೆಗೊಳ್ಳುವ ಕಲ್ಲಾದರೆ ಪೂಜಾರಪ್ಪನವರನ್ನು ಕೇಳಿ, ಚಪ್ಪಲಿ ಬಿಡಿ. ಅರಿಸಿನ, ಕುಂಕುಮ, ಎಣ್ಣೆಜಿಡ್ಡನ್ನು ನೀವಾಗಿ ಒರೆಸಲು ಹೋಗಬೇಡಿ. ಹಬ್ಬಕ್ಕೆ ಮುಂಚೆ ಅವರೇ ಕಲ್ಲು ತೊಳೆಯುವ ದಿನ ಯಾವುದೆಂದು ತಿಳಿದುಕೊಂಡು ಅವತ್ತು ಹೋದರೆ ಯಾರಿಗೂ ಬೇಸರವಾಗದೆ ಕೆಲಸ ಆಗುತ್ತದೆ.

ಸ್ಮಾರಕಗಳ ವಿಷಯ ಬೇರೆ. ಬೇಲೂರು, ಹಳೇಬೀಡು, ದೊಡ್ಡಗದ್ದವಳ್ಳಿಯಂಥವು 1958ರ ಕೇಂದ್ರ ಕಾಯ್ದೆಯಡಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಇನ್ನು ಕೆಲವು 1961ರ ಕರ್ನಾಟಕದ ಕಾಯ್ದೆಯಡಿ ರಾಜ್ಯ ಇಲಾಖೆಯ ಕೈಯಲ್ಲಿವೆ. ಕೇಂದ್ರ ಇಲಾಖೆಯ ಜಾಗದಲ್ಲಿ ಕೈಯಲ್ಲಿ ಹಿಡಿದ ಮೊಬೈಲಿಗೆ ಅಡ್ಡಿಯಿಲ್ಲ. ಸ್ಟ್ಯಾಂಡು ಊರಬೇಕಾದರೆ ಲಿಖಿತ ಅನುಮತಿ ಬೇಕು.

ಕಲ್ಲಿನ ಬುಡ ಅಗೆಯಲೇಬೇಡಿ. “ಇನ್ನೆರಡು ಸಾಲು ಮಣ್ಣಿನೊಳಗಿದೆ” ಎಂಬ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಬುಡದ ಮಣ್ಣಿನ ಪದರ, ಅದರಲ್ಲಿನ ಮಡಕೆ ಚೂರು, ಕಲ್ಲು ನಿಲ್ಲಿಸಿದ ಗುಂಡಿಯ ಅಂಚು ಇವೂ ಸಾಕ್ಷಿಗಳೇ, ಒಮ್ಮೆ ಕೆದಕಿದರೆ ಹೋದವು. ಇನ್ನೊಂದು ಅಪಾಯವೂ ಇದೆ. ಹೊಸದಾಗಿ ಅಗೆದ ಮಣ್ಣು ಕಂಡರೆ ನಿಧಿಗಳ್ಳರು ರಾತ್ರಿ ಬಂದು ಉಳಿದದ್ದನ್ನು ಮುಗಿಸುತ್ತಾರೆ.

ಕಲ್ಲನ್ನು ಎತ್ತಿ ದೇವಸ್ಥಾನದ ಅಂಗಳಕ್ಕೆ ತಂದು ನಿಲ್ಲಿಸುವುದೂ ಉಪಕಾರವಲ್ಲ. ಕೆರೆ ಏರಿಯ ಮೇಲಿನ ಶಾಸನ ಆ ಕೆರೆಯ ಮಾತು ಹೇಳುತ್ತಿರಬಹುದು, ಗಡಿಯ ಕಲ್ಲು ಗಡಿಯದ್ದು. ರಸ್ತೆ ಅಗಲೀಕರಣದಂಥ ತುರ್ತಿದ್ದರೆ ತಹಶೀಲ್ದಾರರಿಗೂ ಇಲಾಖೆಗೂ ತಿಳಿಸಿ, ಮೂಲ ಜಾಗವನ್ನು ಪೂರ್ತಿ ದಾಖಲಿಸಿದ ಮೇಲೆಯೇ ಅಲುಗಿಸಬೇಕು.

3. ಸ್ವಚ್ಛ ಮಾಡುವುದು, ಆದಷ್ಟು ಕಡಿಮೆ

ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ. ಅಕ್ಷರದೊಳಗಿನ ಮಣ್ಣನ್ನು ನೀರು ಚಿಮುಕಿಸಿ ನೆನೆಸಿ, ಬಿದಿರು ಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ಅಷ್ಟೇ. ತಂತಿಬ್ರಷ್ಷು, ತೆಂಗಿನ ನಾರು, ಸೋಪಿನಪುಡಿ, ಆಸಿಡ್ ಯಾವುದೂ ಬೇಡ. ಹೊಯ್ಸಳರ ಕಾಲದ ಬಹಳಷ್ಟು ಕೆಲಸ ಬಳಪದ ಕಲ್ಲಿನಲ್ಲಿ ಆಗಿದೆ. ಹೆಸರೇ ಹೇಳುವಂತೆ ಇದು ಮಕ್ಕಳು ಬರೆಯುವ ಬಳಪದ ಜಾತಿಯ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ ನಿಜ, ಆದರೂ ಮೊಳೆಯ ಗೀರು ಸುಲಭವಾಗಿ ಬೀಳುತ್ತದೆ. ಕಲ್ಲುಹೂವು ಗಟ್ಟಿಯಾಗಿ ಅಂಟಿದ್ದರೆ ಕೀಳಬೇಡಿ, ಅದರ ಬೇರಿನೆಳೆಗಳ ಜೊತೆ ಕಲ್ಲಿನ ಮೇಲ್ಪದರವೂ ಎದ್ದು ಬರುತ್ತದೆ.

ಅತಿ ಸಾಮಾನ್ಯ ತಪ್ಪು ಸೀಮೆಸುಣ್ಣ, ಹಿಟ್ಟು ಅಥವಾ ವಿಭೂತಿ ತುಂಬುವುದು. ಹಿಟ್ಟು ಇರುವೆ, ಬೂಷ್ಟು ಕರೆಯುತ್ತದೆ ಎಂಬುದು ಒಂದು ಕಾರಣ. ದೊಡ್ಡ ಕಾರಣ ಇನ್ನೊಂದು: ಸುಣ್ಣ ತುಂಬುವಾಗ ನೀವು ಯಾವುದು ಗೆರೆ, ಯಾವುದು ಬಿರುಕು ಎಂದು ತೀರ್ಮಾನ ಮಾಡಿಬಿಡುತ್ತೀರಿ. “ವ” ಎಂದು ನಿಮಗೆ ತೋರಿದ್ದನ್ನು “ವ” ಎಂದೇ ತಿದ್ದುತ್ತೀರಿ. ಆಮೇಲೆ ಆ ಫೋಟೋ ನೋಡುವವರೆಲ್ಲ ಓದುವುದು ನಿಮ್ಮ ಊಹೆಯನ್ನು. ಎಣ್ಣೆಬಣ್ಣದಲ್ಲಿ ಅಕ್ಷರ ತಿದ್ದಿಸಿ “ಜೀರ್ಣೋದ್ಧಾರ” ಮಾಡಿದ ಕಲ್ಲುಗಳ ಗತಿಯೂ ಇದೇ.

ತಾಮ್ರಪಟ, ಅಂದರೆ ತಾಮ್ರದ ಹಾಳೆಗಳ ಮೇಲೆ ಕೊರೆದ ಶಾಸನ ಸಿಕ್ಕಿದರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಕಿಲುಬು ಇದ್ದಂತೆಯೇ ಇರಲಿ, ಹಾಳೆಗಳನ್ನು ಪೋಣಿಸಿದ ಉಂಗುರ ಬಿಚ್ಚಬೇಡಿ.

4. ಬೆಳಕು: ಅರ್ಧ ಕೆಲಸ ಇಲ್ಲೇ ಇದೆ

ಕೊರೆದ ಅಕ್ಷರ ಕಾಣುವುದು ಬಣ್ಣದಿಂದಲ್ಲ, ನೆರಳಿನಿಂದ. ಬೆಳಕು ಎದುರಿನಿಂದ ಬಿದ್ದರೆ ಕೊರಕಲಿನಲ್ಲಿ ನೆರಳೇ ಇರುವುದಿಲ್ಲ, ಹಾಗಾಗಿ ಮೊಬೈಲಿನ ಫ್ಲ್ಯಾಶ್ ಆರಿಸಿಬಿಡಿ. ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಂತೆ, 10ರಿಂದ 20 ಡಿಗ್ರಿ ಓರೆಯಲ್ಲಿ, ಪಕ್ಕದಿಂದ ಬರಬೇಕು. ಬೆಳಿಗ್ಗೆ ಅಥವಾ ಸಂಜೆಯ ಬಿಸಿಲು ಕಲ್ಲಿನ ಪಕ್ಕಕ್ಕೆ ತಾಗುತ್ತಿದ್ದರೆ ಅದೃಷ್ಟ. ತೋಟದ ಸಿಲ್ವರ್ ಓಕಿನ ನೆರಳಿನಲ್ಲಿ ಆ ಅದೃಷ್ಟ ಇರುವುದಿಲ್ಲ. ಅಲ್ಲಿ ಕತ್ತಲಾದ ಮೇಲೆ ಟಾರ್ಚು ಹಿಡಿಯಬೇಕು, ಇಲ್ಲವೇ ಹಗಲಿನಲ್ಲೇ ಕಪ್ಪು ದುಪ್ಪಟಿಯ ಮರೆ ಕಟ್ಟಬೇಕು. ಒಂದಡಿ-ಒಂದೂವರೆ ಅಡಿಯ ಕನ್ನಡಿಯಿಂದ ದೂರದ ಬಿಸಿಲನ್ನು ಕಲ್ಲಿನ ಮೇಲೆ ಹಾಯಿಸುವುದೂ ಚೆನ್ನಾಗಿ ಕೆಲಸ ಮಾಡುತ್ತದೆ.

ಕ್ರಮ ಹೀಗೆ:

• ಕ್ಯಾಮೆರಾ ಕಲ್ಲಿಗೆ ನೇರ ಎದುರಾಗಿ, ಒಂದೂವರೆಯಿಂದ ಎರಡು ಮೀಟರ್ ದೂರದಲ್ಲಿ ಅಲುಗದಂತೆ ಇರಲಿ. ಮೊಬೈಲಿನ ಅಗಲ ಲೆನ್ಸು ಅಂಚಿನ ಅಕ್ಷರಗಳನ್ನು ಬಾಗಿಸುತ್ತದೆ, ಅದನ್ನು ಬಳಸಬೇಡಿ.
• ಮೊದಲ ಫೋಟೋ ಸ್ಲೇಟಿನದು: ಊರು, ತಾಲ್ಲೂಕು, ದಿನಾಂಕ, ಕಲ್ಲಿನ ಕ್ರಮಸಂಖ್ಯೆ.
• ಸ್ಕೇಲನ್ನು ಕಲ್ಲಿನ ಪಕ್ಕ, ಕಲ್ಲಿನ ಮೈಯ ಮಟ್ಟದಲ್ಲೇ ನಿಲ್ಲಿಸಿ ಇಡೀ ಕಲ್ಲಿನ ಫೋಟೋ.
• ಕ್ಯಾಮೆರಾ ಅಲುಗಿಸದೆ ಟಾರ್ಚನ್ನು ಎಡ, ಬಲ, ಮೇಲೆ, ಕೆಳಗೆ ಹಿಡಿದು ನಾಲ್ಕು ಫೋಟೋ. ಪಕ್ಕದ ಬೆಳಕಿನಲ್ಲಿ ಲಂಬ ಗೆರೆಗಳು ಎದ್ದು ಕಾಣುತ್ತವೆ, ಮೇಲಿನ ಬೆಳಕಿನಲ್ಲಿ ಅಡ್ಡ ಗೆರೆ ಮತ್ತು ತಲೆಕಟ್ಟು. ಒಂದೇ ದಿಕ್ಕಿನ ಫೋಟೋ ನೋಡಿ ಓದಿದವರು ಎಡವುವುದು ಇಲ್ಲಿಯೇ.
• ಆಮೇಲೆ ನಾಲ್ಕೈದು ಸಾಲಿನಂತೆ ಹತ್ತಿರದ ಫೋಟೋ. ಹಿಂದಿನ ಫೋಟೋದ ಕೊನೆಯ ಸಾಲು ಮುಂದಿನದರಲ್ಲೂ ಇರಲಿ, ಇಲ್ಲದಿದ್ದರೆ ಸಾಲು ತಪ್ಪುತ್ತದೆ.
• ಎರಡು ಪಕ್ಕ, ತಲೆ, ಹಿಂಬದಿ ನಾಲ್ಕನ್ನೂ ತೆಗೆಯಿರಿ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದ 16 ಸಾಲುಗಳಲ್ಲಿ ಕೊನೆಯದು ಎದುರಿನಲ್ಲಿಲ್ಲ, ಕಲ್ಲಿನ ಪಕ್ಕದಲ್ಲಿದೆ.

ಕಲ್ಲು ಒದ್ದೆಯಿದ್ದರೆ ಹೊಳಪು ಬಂದು ನೆರಳು ಕೆಡುತ್ತದೆ, ತೊಳೆದಿದ್ದರೆ ಒಣಗುವವರೆಗೆ ಕಾಯಿರಿ. ಮೂರು ಆಯಾಮದ ಮಾದರಿ ಮಾಡಿಸುವ ಆಸೆಯಿದ್ದರೆ 50ರಿಂದ 100 ಫೋಟೋ ಬೇಕು, ಒಂದರ ಮೇಲೊಂದು ಮುಕ್ಕಾಲು ಭಾಗ ಹೊಂದಿಕೊಂಡಿರಬೇಕು. ಆದರೆ ಅದಕ್ಕೆ ಟಾರ್ಚಿನ ಓರೆ ಬೆಳಕು ಬೇಡ, ಮೋಡದ ದಿನದ ಸಮನಾದ ಬೆಳಕೇ ಬೇಕು. ಎರಡನ್ನೂ ಬೆರೆಸಿದರೆ ಮಾದರಿ ಕೆಡುತ್ತದೆ.

ಮೂಲ ಫೈಲುಗಳನ್ನು ಹಾಗೇ ಇಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಕಳಿಸಲೇಬೇಕಾದರೆ “ಡಾಕ್ಯುಮೆಂಟ್” ಎಂದು ಕಳಿಸಿ. ಚಿತ್ರವಾಗಿ ಕಳಿಸಿದರೆ ಅದು ಕುಗ್ಗುತ್ತದೆ, ಸ್ಥಳದ ಮಾಹಿತಿಯೂ ಅಳಿಸಿಹೋಗುತ್ತದೆ.

ಪಡಿಯಚ್ಚು ತೆಗೆಯುವ ಬಗ್ಗೆ ಅನೇಕರು ಕೇಳುತ್ತಾರೆ. ನೆನೆಸಿದ ಕಾಗದವನ್ನು ಕಲ್ಲಿಗೆ ಹೊಂದಿಸಿ, ಬ್ರಷ್ಷಿನಿಂದ ಬಡಿದು ಅಕ್ಷರದೊಳಗೆ ಕೂರಿಸಿ, ಮೇಲೆ ಮಸಿ ಒತ್ತುವ ಹಳೆಯ ವಿಧಾನ ಅದು. ಕಲಿತವರ ಕೈಯಲ್ಲಿ ಇವತ್ತಿಗೂ ಅದಕ್ಕೆ ಸಾಟಿಯಿಲ್ಲ. ಕಲಿಯದವರ ಕೈಯಲ್ಲಿ ಕಾಗದ ಹರಿದು ಮಸಿ ಕಲ್ಲಿಗಿಳಿಯುತ್ತದೆ, ಮತ್ತೆ ಬಿಡುವುದಿಲ್ಲ. ಓರೆ ಬೆಳಕಿನ ಫೋಟೋ ಸಾಕು.

5. ಅಳತೆ ಮತ್ತು ಟಿಪ್ಪಣಿ

ನೆಲದ ಮೇಲಿನ ಎತ್ತರ, ಅಗಲ, ದಪ್ಪ, ಬರಹವಿರುವ ಭಾಗದ ಎತ್ತರ-ಅಗಲ, ಒಂದು ಅಕ್ಷರದ ಎತ್ತರ, ಸಾಲುಗಳ ಎಣಿಕೆ, ಕಲ್ಲು ಮುಖ ಮಾಡಿರುವ ದಿಕ್ಕು, ಒಡೆದ ಜಾಗ. ಜಮೀನಿನ ಸರ್ವೆ ನಂಬರು. ಜಿಪಿಎಸ್ ಅಂಕಿಯಲ್ಲಿ ದಶಮಾಂಶದ ನಂತರ ಐದು ಸ್ಥಾನ ಬರೆದುಕೊಳ್ಳಿ, ಅದು ಸುಮಾರು ಒಂದು ಮೀಟರಿನ ನಿಖರತೆ.

ಊರಿನ ಹಿರಿಯರನ್ನು ಕೇಳುವಾಗ “ಇದು ಯಾವ ರಾಜರ ಕಾಲದ್ದು?” ಎಂದು ಕೇಳಬೇಡಿ, ಏನಾದರೊಂದು ಉತ್ತರ ಬಂದೇ ಬರುತ್ತದೆ. “ಈ ಕಲ್ಲಿಗೆ ಏನಂತ ಕರೀತೀರಿ ಯಜಮಾನ್ರೇ? ಮೊದಲಿಂದ ಇಲ್ಲೇ ಇತ್ತಾ? ಈ ಹೊಲಕ್ಕೆ ಏನು ಹೆಸರು?” ಎಂದು ಕೇಳಿ. ಹೊಲದ ಹೆಸರು, ಹಾಳೂರಿನ ಹೆಸರು ಶಾಸನದೊಳಗಿನ ಊರನ್ನು ಗುರುತಿಸಲು ಎಷ್ಟೋ ಸಲ ನೆರವಾಗುತ್ತವೆ.

6. “ಅಪ್ರಕಟಿತ” ಎನ್ನುವ ಮೊದಲು

ಪತ್ರಿಕೆಗಳಲ್ಲಿ “ಹೊಸ ಶಾಸನ ಪತ್ತೆ” ಎಂದು ಬರುವ ಸುದ್ದಿಗಳಲ್ಲಿ ಕೆಲವು ನೂರು ವರ್ಷದ ಹಿಂದೆಯೇ ಅಚ್ಚಾದವು. ಮುಜುಗರ ತಪ್ಪಿಸಲು ಒಂದು ಸಂಜೆಯ ಹುಡುಕಾಟ ಸಾಕು.

ಮೊದಲು ನೋಡಬೇಕಾದದ್ದು ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾ. ಅದರ 5ನೇ ಸಂಪುಟ ಹಾಸನ ಜಿಲ್ಲೆ (1902), 6ನೇ ಸಂಪುಟ ಕಡೂರು ಜಿಲ್ಲೆ (1901). ಚಿಕ್ಕಮಗಳೂರು ಜಿಲ್ಲೆಗೆ ಆಗ ಇದ್ದ ಹೆಸರೇ ಕಡೂರು ಜಿಲ್ಲೆ. ಶ್ರವಣಬೆಳಗೊಳಕ್ಕೆ ಪ್ರತ್ಯೇಕವಾಗಿ 2ನೇ ಸಂಪುಟವಿದೆ. ಈ ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಶಾಸನಗಳನ್ನು ತಾಲ್ಲೂಕುವಾರು ಅಂಕಿ ಹಾಕಿ ಕೊಟ್ಟಿದ್ದಾರೆ. ಪ್ರತಿಯೊಂದರ ತಲೆಯಲ್ಲಿ ಕಲ್ಲು ಎಲ್ಲಿತ್ತು ಎಂಬ ಒಂದು ಸಾಲಿದೆ, ಅದನ್ನು ನಿಮ್ಮ ಜಾಗದೊಂದಿಗೆ ಹೋಲಿಸಿ.

ಎಡವುವ ಜಾಗಗಳು: ಇವತ್ತಿನ ತಾಲ್ಲೂಕು ಆಗಿನದಲ್ಲ. ಸಕಲೇಶಪುರ ಕಡೆಯದನ್ನು ಮಂಜರಾಬಾದ್ ಎಂಬ ಹೆಸರಿನಡಿ ನೋಡಬೇಕು. ಅಜ್ಜಂಪುರದ್ದನ್ನು ತರೀಕೆರೆಯಡಿ, ಕಳಸದ್ದನ್ನು ಮೂಡಿಗೆರೆಯಡಿ. ಊರಿನ ಕಾಗುಣಿತವೂ ಇಂಗ್ಲಿಷಿನಲ್ಲಿ ನಾಲ್ಕು ರೀತಿ ಇರುತ್ತದೆ, ಎಲ್ಲವನ್ನೂ ಹುಡುಕಿ. ಶಾಸನದೊಳಗಿನ ಊರ ಹೆಸರಂತೂ ಬೇರೆಯೇ ಇರಬಹುದು: ಹಳೇಬೀಡು ಅಲ್ಲಿ ದೋರಸಮುದ್ರ, ಮೂಡಿಗೆರೆಯ ಅಂಗಡಿ ಸೊಸೆವೂರು, ದೊಡ್ಡಗದ್ದವಳ್ಳಿ ಅಭಿನವ ಕೊಲ್ಲಾಪುರ.

ಎರಡನೆಯದು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿ. ಇದರಲ್ಲಿ ರೈಸರ ನಂತರ ಸಿಕ್ಕ ಶಾಸನಗಳೂ ಸೇರಿವೆ, ತಪ್ಪು ಓದುಗಳನ್ನು ತಿದ್ದಿದ್ದಾರೆ. ಸಂಪುಟದ ಅಂಕಿಗಳು ಹಳೆಯದಕ್ಕಿಂತ ಬೇರೆ. ಆದ್ದರಿಂದ ಉಲ್ಲೇಖಿಸುವಾಗ “ಹಳೆಯ ಆವೃತ್ತಿ” ಅಥವಾ “ಪರಿಷ್ಕೃತ” ಎಂದು ಬರೆಯದಿದ್ದರೆ ಓದುವವರು ಬೇರೆ ಜಿಲ್ಲೆಗೆ ಹೋಗಿಬಿಡುತ್ತಾರೆ.

ಮೂರನೆಯದು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳು. ಆರ್. ನರಸಿಂಹಾಚಾರ್, ಆರ್. ಶಾಮಾಶಾಸ್ತ್ರಿ, ಎಂ.ಎಚ್. ಕೃಷ್ಣ ನಿರ್ದೇಶಕರಾಗಿದ್ದ ವರ್ಷಗಳ ವರದಿಗಳಲ್ಲಿ ಈ ಎರಡು ಜಿಲ್ಲೆಗಳ ಶಾಸನಗಳು ಬಹಳಷ್ಟಿವೆ. ಹಲ್ಮಿಡಿ ಶಾಸನ ಹೊರಬಂದದ್ದೂ ಕೃಷ್ಣ ಅವರ 1936ರ ವರದಿಯಲ್ಲಿ. ರೈಸರಲ್ಲಿ ಇಲ್ಲ ಎಂದ ಮಾತ್ರಕ್ಕೆ ಅಪ್ರಕಟಿತ ಎನ್ನಬಾರದು ಎಂಬುದಕ್ಕೆ ಈ ವರದಿಗಳೇ ಸಾಕ್ಷಿ.

ಶಾಸನ ಪ್ರಕಟವಾಗಿದೆ ಎಂದು ಗೊತ್ತಾದರೆ ಪೆಚ್ಚಾಗಬೇಕಿಲ್ಲ. 1902ರಲ್ಲಿ ಪೂರ್ತಿ ಓದಿದ ಸಾಲು ಈಗ ಸವೆದಿದೆಯೇ, ಕಲ್ಲು ಜಾಗ ಬದಲಿಸಿದೆಯೇ, ಆಗ “ಸವೆದಿದೆ” ಎಂದು ಬಿಟ್ಟದ್ದು ಓರೆ ಬೆಳಕಿನಲ್ಲಿ ಈಗ ಕಾಣುತ್ತಿದೆಯೇ ಎಂಬ ಸ್ಥಿತಿ ವರದಿಗೆ ಹೊಸ ಶಾಸನದಷ್ಟೇ ಬೆಲೆಯಿದೆ. ಕೆಲವು ಸಲ ಹೆಚ್ಚು.

7. ಅಕ್ಷರ ಇಳಿಸಿಕೊಳ್ಳುವುದು

ಸಾಲಿಗೆ ಸಾಲು, ಸಾಲಿನ ಅಂಕಿ ಹಾಕಿ, ಕಲ್ಲಿನಲ್ಲಿ ಇದ್ದ ಹಾಗೆಯೇ ಬರೆಯಿರಿ. ಕಲ್ಲಿನಲ್ಲಿ ಪದಗಳ ನಡುವೆ ಜಾಗವಿರುವುದಿಲ್ಲ. ಮೊದಲ ಪ್ರತಿಯಲ್ಲಿ ನೀವೂ ಬಿಡಿಸಬೇಡಿ. ಅನುಮಾನದ ಅಕ್ಷರ ಚೌಕ ಕಂಸದಲ್ಲಿ, ನೀವು ಊಹಿಸಿ ಸೇರಿಸಿದ್ದು ಚೌಕ ಕಂಸದೊಳಗೆ ನಕ್ಷತ್ರಚಿಹ್ನೆಯೊಂದಿಗೆ, ಹೋದ ಅಕ್ಷರಕ್ಕೆ ಒಂದೊಂದು ಚುಕ್ಕಿ.

ಹೊಸಬರಿಗೆ ತೊಡಕಾಗುವುದು ಮುಖ್ಯವಾಗಿ ಮೂರು. ಈಗ ಬಳಕೆಯಲ್ಲಿಲ್ಲದ ಱ ಮತ್ತು ೞ ಸಿಗುತ್ತವೆ. ಎ-ಏ, ಒ-ಓ ಹ್ರಸ್ವದೀರ್ಘ ವ್ಯತ್ಯಾಸವನ್ನು ಹಳೆಯ ಲಿಪಿ ತೋರಿಸುವುದಿಲ್ಲ, ಅರ್ಥ ನೋಡಿ ತಿಳಿಯಬೇಕು. ಸವೆದ ಕಲ್ಲಿನಲ್ಲಿ ಪ, ವ, ಷ ಒಂದರಂತೆ ಒಂದು ಕಾಣುತ್ತವೆ. ಇದಕ್ಕೆ ಸುಲಭ ಉಪಾಯವೆಂದರೆ ಅದೇ ಕಲ್ಲಿನಲ್ಲಿ ಖಚಿತವಾಗಿ ಗೊತ್ತಿರುವ ಪದ ಹುಡುಕುವುದು. “ಸ್ವಸ್ತಿ”, “ಶ್ರೀಮತು”, ಶೈವ ಶಾಸನದ ಆರಂಭದ “ನಮಸ್ತುಂಗ”, ಜೈನರ “ಶ್ರೀಮತ್ಪರಮಗಂಭೀರ”, ಕೊನೆಯ ಶಾಪವಾಕ್ಯದ “ಸ್ವದತ್ತಾಂ ಪರದತ್ತಾಂ ವಾ” ಇವು ಎಲ್ಲೆಡೆ ಬರುವ ಮಾತುಗಳು. ಅವುಗಳಿಂದ ಆ ಕಂಡರಣೆಕಾರನ, ಅಂದರೆ ಕೊರೆದವನ ಕೈಬರಹದ ಅಕ್ಷರಮಾಲೆಯನ್ನು ಕಟ್ಟಿಕೊಂಡು ಉಳಿದದ್ದಕ್ಕೆ ಹೋಗಿ.

8. ಕಾಲ

ಶಕವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತಶಕ. ಮಾಘ, ಫಾಲ್ಗುಣದ ತಿಥಿಯಾದರೆ 79, ಯಾಕೆಂದರೆ ಅಷ್ಟರಲ್ಲಿ ಜನವರಿ ದಾಟಿರುತ್ತದೆ. ಪುಷ್ಯ ಎರಡೂ ಕಡೆ ಬೀಳಬಹುದು.

ಅಂಕಿ ಸರಿಯಾಗಿ ಓದಿದ್ದೀರಾ ಎಂದು ಪರೀಕ್ಷಿಸಲು ಸಂವತ್ಸರ ಇದೆ. ಶಕವರ್ಷಕ್ಕೆ 12 ಸೇರಿಸಿ 60ರಿಂದ ಭಾಗಿಸಿ. ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ, ಶೇಷ ಸೊನ್ನೆಯಾದರೆ ಕೊನೆಯದಾದ ಅಕ್ಷಯ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯ ಶಕ 1039ನ್ನು ನೋಡಿ: 1039ಕ್ಕೆ 12 ಸೇರಿದರೆ 1051, ಅದರಲ್ಲಿ 1020 ಕಳೆದರೆ 31. ಮೂವತ್ತೊಂದನೆಯದು ಹೇವಿಳಂಬಿ, ಶಾಸನ ಹೇಳುವುದೂ ಅದನ್ನೇ. ಕ್ರಿಸ್ತಶಕ 1117. ಲೆಕ್ಕ ಒಂದು ವರ್ಷ ಆಚೀಚೆಯಾದರೆ ಗಾಬರಿ ಬೇಡ, ಕೆಲವು ಶಾಸನಗಳು ಪೂರ್ತಿ ಮುಗಿದ ವರ್ಷವನ್ನು ಎಣಿಸಿದರೆ ಕೆಲವು ನಡೆಯುತ್ತಿರುವ ವರ್ಷವನ್ನು ಎಣಿಸುತ್ತವೆ. ಹತ್ತು ಹನ್ನೆರಡು ವರ್ಷ ತಪ್ಪಿದರೆ ಮಾತ್ರ ನೀವು ಒಂದು ಅಂಕಿ ತಪ್ಪು ಓದಿದ್ದೀರಿ ಎಂದರ್ಥ.

ಶಕವರ್ಷ ಸವೆದು ಸಂವತ್ಸರ ಮಾತ್ರ ಉಳಿದಿದ್ದರೆ ಅದು 60 ವರ್ಷಕ್ಕೊಮ್ಮೆ ಮರಳುತ್ತದೆ, ಆಗ ದೊರೆಯ ಹೆಸರು ಬೇಕು. ಇಲ್ಲೂ ಆತುರ ಸಲ್ಲ. ಹೊಯ್ಸಳರಲ್ಲಿ ಮೂವರು ಬಲ್ಲಾಳರು, ಮೂವರು ನರಸಿಂಹರು. “ಮಲೆಪರೊಳ್ಗಂಡ” ಕಂಡರೆ ಹೊಯ್ಸಳರು ಎನ್ನಬಹುದು. ಆದರೆ “ತಳಕಾಡುಗೊಂಡ” ಕಂಡ ಕೂಡಲೇ ವಿಷ್ಣುವರ್ಧನ ಎಂದು ಬರೆಯಬೇಡಿ, ಅವನ ಮಗ-ಮೊಮ್ಮಕ್ಕಳೂ ಆ ಬಿರುದನ್ನು ಹೊತ್ತರು. “ಶನಿವಾರಸಿದ್ಧಿ ಗಿರಿದುರ್ಗಮಲ್ಲ” ಇದ್ದರೆ ಇಮ್ಮಡಿ ಬಲ್ಲಾಳ ಅಥವಾ ಅವನ ನಂತರದವರು. ಏನೂ ಇಲ್ಲದಿದ್ದರೆ ಲಿಪಿಯ ಮೇಲೆ “ಸುಮಾರು ಇಂಥ ಶತಮಾನ” ಎಂದಷ್ಟೇ ಹೇಳಿ. ಹಲ್ಮಿಡಿಯದರಲ್ಲೂ ವರ್ಷವಿಲ್ಲ, ಲಿಪಿ, ಭಾಷೆ ಮತ್ತು ಕದಂಬ ಕಾಕುಸ್ಥನ ಹೆಸರಿನ ಆಧಾರದ ಮೇಲೆ ಸುಮಾರು 450 ಎಂದು ಇಟ್ಟಿದ್ದಾರೆ.

9. ಯಾರಿಗೆ ಒಪ್ಪಿಸಬೇಕು

ಅಳತೆ, ಫೋಟೋ, ಇಳಿಸಿಕೊಂಡ ಪಾಠ, ಹುಡುಕಿದ ಸಂಪುಟಗಳ ಪಟ್ಟಿ ಎಲ್ಲ ಸೇರಿಸಿ ನಾಲ್ಕು ಪುಟದ ವರದಿ ಮಾಡಿ. ಒಂದು ಪ್ರತಿ ಮೈಸೂರಿನಲ್ಲಿರುವ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ, ಇನ್ನೊಂದು ಅಲ್ಲಿಯೇ ಇರುವ ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗಕ್ಕೆ, ಮತ್ತೊಂದು ಗ್ರಾಮ ಪಂಚಾಯಿತಿಗೆ. ಸ್ವೀಕೃತಿ ಪಡೆದುಕೊಳ್ಳಿ. ಪಂಚಾಯಿತಿಯ ಕಡತದಲ್ಲಿ ಕಲ್ಲಿನ ಹೆಸರಿದ್ದರೆ ನಾಳೆ ಜೆಸಿಬಿ ಬಂದಾಗ ತೋರಿಸಲು ಒಂದು ಕಾಗದವಾದರೂ ಇರುತ್ತದೆ.

ಮಣ್ಣಿನಡಿ ತಾಮ್ರಪಟ, ನಾಣ್ಯ, ವಿಗ್ರಹ ಸಿಕ್ಕಿದರೆ ವರದಿ ಬರೆಯುತ್ತ ಕೂರಬೇಡಿ, ಅಂದೇ ತಹಶೀಲ್ದಾರರಿಗೆ ಲಿಖಿತವಾಗಿ ತಿಳಿಸಿ. ನಿಧಿ ಕಾನೂನು ಅದಕ್ಕೆ ಅನ್ವಯವಾಗುತ್ತದೆ. ನೂರು ವರ್ಷ ದಾಟಿದ ಶಿಲ್ಪ, ಶಾಸನಗಳೆಲ್ಲ 1972ರ ಕಾಯ್ದೆಯಂತೆ ಪ್ರಾಚ್ಯವಸ್ತುಗಳು. ಅವನ್ನು ಪರವಾನಗಿಯಿಲ್ಲದೆ ವ್ಯಾಪಾರ ಮಾಡುವುದೂ ಹೊರದೇಶಕ್ಕೆ ಸಾಗಿಸುವುದೂ ಅಪರಾಧ.

ಫೇಸ್‌ಬುಕ್ಕಿನಲ್ಲಿ ಹಾಕುವುದಾದರೆ ಫೋಟೋದ ಜಿಪಿಎಸ್ ಅಂಕಿ ತೆಗೆದು ಹಾಕಿ, ತಾಲ್ಲೂಕಿನ ಹೆಸರಷ್ಟೇ ಬರೆಯಿರಿ. ಒಂಟಿ ತೋಟದ ಮೂಲೆಯಲ್ಲಿರುವ ಮೂರಡಿ ಎತ್ತರದ ವೀರಗಲ್ಲನ್ನು ಒಂದು ಪಿಕಪ್ ವ್ಯಾನಿಗೆ ಹೇರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.